ವರ್ತಕರ ನ್ಯಾಯಾಧೀಶ: ನಾನು ಅರ್ಧಕ್ಕೆ ನಿಲ್ಲಿಸಿದ್ದ ಒಂದು ಪಾಠ

ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಬೆಂಗಳೂರಿನಲ್ಲಿ ವಕೀಲನಾಗಿರುವ ಅವನು ಈಗ ಹೆಚ್ಚಾಗಿ ವಾಣಿಜ್ಯ ನ್ಯಾಯಾಲಯದಲ್ಲಿಯೇ ವಾದಿಸುತ್ತಾನೆ. ವ್ಯಾಪಾರದ ವ್ಯಾಜ್ಯಗಳು ವರ್ಷಗಟ್ಟಲೆ ಕೊಳೆಯಬಾರದೆಂದು ನಮ್ಮ ಸಂಸತ್ತು 2015ರಲ್ಲಿ ಈ ನ್ಯಾಯಾಲಯಗಳಿಗಾಗಿ ಪ್ರತ್ಯೇಕ ಕಾಯ್ದೆಯನ್ನು ಮಾಡಿತು. ಮೊದಲು ಒಂದು ಕೋಟಿ ರೂಪಾಯಿಗೆ ಕಡಿಮೆಯಿಲ್ಲದ ವ್ಯಾಜ್ಯಗಳಿಗಷ್ಟೇ ಅಲ್ಲಿ ಪ್ರವೇಶವಿತ್ತು. 2018ರ ತಿದ್ದುಪಡಿ ಆ ಮಿತಿಯನ್ನು ಮೂರು ಲಕ್ಷಕ್ಕೆ ಇಳಿಸಿತು. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅವನು ಕೇಳಿದ: "ಸಾರ್, ಗುಲಾಮನೊಬ್ಬನಿಗೆ ಬಿಡುಗಡೆ ಕೊಟ್ಟ ಇಂಗ್ಲೆಂಡಿನ ನ್ಯಾಯಾಧೀಶರ ಕಥೆಯನ್ನು ನೀವು ತರಗತಿಯಲ್ಲಿ ಹೇಳುತ್ತಿದ್ದಿರಿ. ಮೊನ್ನೆ ವಿಮೆಯ ಮೊಕದ್ದಮೆಯೊಂದರಲ್ಲಿ ಎದುರು ವಕೀಲರು ಲಾರ್ಡ್ ಮ್ಯಾನ್ಸ್‌ಫೀಲ್ಡ್ ಎಂಬ ಹೆಸರನ್ನು ಎತ್ತಿದರು. ಅವರೂ ಇವರೂ ಒಬ್ಬರೇ ಏನು?"

ಒಬ್ಬರೇ, ಎಂದೆ. ಆದರೆ ದೂರವಾಣಿಯನ್ನು ಕೆಳಗಿಟ್ಟ ಮೇಲೆ ಮನಸ್ಸು ಒಪ್ಪಲಿಲ್ಲ. ಆ ಮಹನೀಯರ ಕಥೆಯನ್ನು ನಾನು ನಿಮ್ಮಲ್ಲಿ ಅನೇಕರಿಗೆ ಹೇಳಿದ್ದೇನೆ; ಹೇಳಿದ್ದು ಅರ್ಧ ಮಾತ್ರ. ಉಳಿದರ್ಧವನ್ನು ನಾನೇ ಓದಿ ತಿಳಿದದ್ದು ನಿವೃತ್ತನಾದ ಮೇಲೆ. ಮೇಷ್ಟರು ಹೇಳಿದ್ದನ್ನು ಮಕ್ಕಳು ಜೀವನಪೂರ್ತಿ ನಂಬಿಕೊಂಡಿರುತ್ತಾರೆ. ಆದ್ದರಿಂದ ಆ ಪಾಠವನ್ನು ಪೂರ್ಣಗೊಳಿಸುವುದು ನನ್ನ ಮೇಲಿರುವ ಋಣವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ವಿಲಿಯಂ ಮರ್ರೆ ಹುಟ್ಟಿದ್ದು 1705ರ ಮಾರ್ಚ್ 2ರಂದು, ಸ್ಕಾಟ್ಲೆಂಡಿನ ಪರ್ತ್ ನಗರದ ಬಳಿಯ ಸ್ಕೋನ್ ಅರಮನೆಯಲ್ಲಿ. ಅರಮನೆಯೆಂದೊಡನೆ ಸಿರಿಯನ್ನು ಊಹಿಸಬೇಡಿ. ತಂದೆ ಸ್ಟಾರ್ಮಂಟ್‌ನ ವೈಕೌಂಟ್. ಬಿರುದು ದೊಡ್ಡದು, ಆದಾಯ ಚಿಕ್ಕದು, ಮಕ್ಕಳೋ ಬಹಳ. ಜೊತೆಗೆ ಪದಚ್ಯುತನಾಗಿದ್ದ ಸ್ಟೂಅರ್ಟ್ ರಾಜವಂಶದ ಮೇಲೆ ಆ ಮನೆತನಕ್ಕಿದ್ದ ಒಲವು ಲಂಡನ್ನಿನ ಆಡಳಿತದ ಕಣ್ಣಿಗೆ ದ್ರೋಹವಾಗಿ ಕಾಣುತ್ತಿತ್ತು. ಹದಿಮೂರನೆಯ ವಯಸ್ಸಿನಲ್ಲಿ, 1718ರಲ್ಲಿ, ಈ ಹುಡುಗ ಸಣ್ಣ ಕುದುರೆಯೊಂದನ್ನೇರಿ ಲಂಡನ್ನಿಗೆ ಹೊರಟು ವೆಸ್ಟ್‌ಮಿನ್‌ಸ್ಟರ್ ಶಾಲೆಯನ್ನು ಸೇರಿದ. ಆಮೇಲೆ ತಂದೆತಾಯಿಯರ ಮುಖವನ್ನು ಅವನು ಮತ್ತೆ ನೋಡಲಿಲ್ಲವೆಂದು ಚರಿತ್ರಕಾರರು ಬರೆಯುತ್ತಾರೆ. ಓದಿಗಾಗಿ ಊರು ಬಿಟ್ಟವರ ಸಂಕಟ ನಿಮ್ಮಲ್ಲಿ ಹಲವರಿಗೆ ಗೊತ್ತು. ನಿಮಗೆ ದೀಪಾವಳಿಗಾದರೂ ಬಸ್ಸಿರುತ್ತಿತ್ತು.

1723ರಲ್ಲಿ ಆತ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿಗೆ ಸೇರಿದಾಗ ಹುಟ್ಟೂರು 'ಪರ್ತ್' ಎಂದದ್ದನ್ನು ಗುಮಾಸ್ತ 'ಬಾತ್' ಎಂದು ಕೇಳಿಸಿಕೊಂಡು ಹಾಗೆಯೇ ಬರೆದುಕೊಂಡನಂತೆ. ಶಾಲಾ ದಾಖಲೆಗಳಲ್ಲಿ ಹೆಸರು, ಹುಟ್ಟಿದ ದಿನ ತಪ್ಪಾಗಿ ನಮೂದಾಗಿ ಇಂದಿಗೂ ಕಚೇರಿ ಅಲೆಯುತ್ತಿರುವವರಿಗೆ ಇದು ಸಮಾಧಾನ ತಂದೀತು. ಸಿಸೆರೋನ ಭಾಷಣಗಳನ್ನು ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ತಂದು, ಆ ಇಂಗ್ಲಿಷನ್ನು ಮತ್ತೆ ಲ್ಯಾಟಿನ್ನಿಗೆ ತಿರುಗಿಸಿ, ಮೂಲದೊಡನೆ ಹೋಲಿಸಿ ನೋಡುವುದು ಆತನ ಅಭ್ಯಾಸ. ಕವಿ ಅಲೆಗ್ಸಾಂಡರ್ ಪೋಪ್ ಗೆಳೆಯ. ಅವನ ಎದುರಿಗೆ ಕನ್ನಡಿಯ ಮುಂದೆ ನಿಂತು ಭಾಷಣದ ತಾಲೀಮು ಮಾಡುತ್ತಿದ್ದನೆಂಬ ಕಥೆಯೂ ಇದೆ. 1730ರಲ್ಲಿ ವಕೀಲಿ ಸನ್ನದು, 1742ರಲ್ಲಿ ಸಾಲಿಸಿಟರ್ ಜನರಲ್ ಹುದ್ದೆ, 1754ರಲ್ಲಿ ಅಟಾರ್ನಿ ಜನರಲ್ ಹುದ್ದೆ, 1756ರಲ್ಲಿ ಕಿಂಗ್ಸ್ ಬೆಂಚ್ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಪದವಿ ಮತ್ತು ಲಾರ್ಡ್ ಮ್ಯಾನ್ಸ್‌ಫೀಲ್ಡ್ ಎಂಬ ಬಿರುದು. ಆ ಪೀಠದಲ್ಲಿ ಅವರು 1788ರವರೆಗೆ, ಸುಮಾರು ಮೂವತ್ತೆರಡು ವರ್ಷ, ಕುಳಿತರು.

ಪೀಠವೇರುವುದಕ್ಕೆ ಮೊದಲಿನ ಒಂದು ಮೊಕದ್ದಮೆ ನಮ್ಮ ದೇಶಕ್ಕೆ ಸಂಬಂಧಿಸಿದ್ದು. 1744ರ ಸುಮಾರಿನಲ್ಲಿ ಓಮಿಚಂದ್ ಎಂಬ ಕಲ್ಕತ್ತೆಯ ವ್ಯಾಪಾರಿ ಬಾರ್ಕರ್ ಎಂಬ ಇಂಗ್ಲಿಷರವನ ಆಸ್ತಿಯಿಂದ ತನಗೆ ಬರಬೇಕಾದ ಹಣಕ್ಕಾಗಿ ಲಂಡನ್ನಿನಲ್ಲಿ ದಾವೆ ಹೂಡಿದ್ದ. ಅವನ ಸಾಕ್ಷಿಗಳು ಹಿಂದೂಗಳು. ಬೈಬಲ್ಲನ್ನು ಮುಟ್ಟಿ ಪ್ರಮಾಣ ಮಾಡಲಾರದ ಅವರು ಕಲ್ಕತ್ತೆಯಲ್ಲಿ ತಮ್ಮ ಪದ್ಧತಿಯಂತೆ ಬ್ರಾಹ್ಮಣನ ಪಾದವನ್ನು ಮುಟ್ಟಿ ಪ್ರಮಾಣ ಮಾಡಿ ಹೇಳಿಕೆ ಕೊಟ್ಟಿದ್ದರು. ಕ್ರೈಸ್ತನಲ್ಲದವನ ಸಾಕ್ಷ್ಯ ಇಂಗ್ಲಿಷ್ ನ್ಯಾಯಾಲಯದಲ್ಲಿ ನಡೆಯದೆಂಬುದು ಹಳೆಯ ಪಂಡಿತರ ಮತ. ಸಾಲಿಸಿಟರ್ ಜನರಲ್ ಆಗಿದ್ದ ಮರ್ರೆ ಓಮಿಚಂದನ ಪರವಾಗಿ ವಾದಿಸಿದರು. ಪ್ರಮಾಣದ ಬಲವಿರುವುದು ಮುಟ್ಟಿದ ವಸ್ತುವಿನಲ್ಲಿ ಅಲ್ಲ, ಮುಟ್ಟಿದವನ ಅಂತಃಕರಣದಲ್ಲಿ; ಶಾಸನವೊಂದು ಎಲ್ಲ ಸಂದರ್ಭಗಳನ್ನೂ ಮುಂಚೆಯೇ ಊಹಿಸಲಾರದು, ಆದರೆ ನ್ಯಾಯದ ಊಟೆಯಿಂದ ನೀರು ಕುಡಿಯುವ ಕಾನೂನು ಹರಿಯುತ್ತ ಹರಿಯುತ್ತ ತನ್ನನ್ನು ತಾನೇ ತಿಳಿಗೊಳಿಸಿಕೊಳ್ಳುತ್ತದೆ ಎಂಬುದು ಆ ವಾದದ ಸಾರ. ನ್ಯಾಯಾಲಯ ಆ ಸಾಕ್ಷ್ಯವನ್ನು ಒಪ್ಪಿತು. ಧರ್ಮಸ್ಥಳದ ಮಂಜುನಾಥನ ಆಣೆಯ ಮುಂದೆ ಎಂಥ ವ್ಯಾಜ್ಯವೂ ಇತ್ಯರ್ಥವಾಗುತ್ತದೆಂದು ನಂಬಿ ಬೆಳೆದ ನಮಗೆ ಈ ಮಾತು ಹೊಸತಲ್ಲ. ಆದರೆ ಅಂದಿನ ಲಂಡನ್ನಿನಲ್ಲಿ ಅದು ದೊಡ್ಡ ಮಾತೇ ಸರಿ.

ಅವರು ಪೀಠವೇರಿದಾಗ ಲಂಡನ್ ಜಗತ್ತಿನ ಸರಕು, ಹಡಗು, ವಿಮೆ, ಹುಂಡಿಗಳ ಪೇಟೆಯಾಗುತ್ತಿತ್ತು. ಕಾನೂನಾದರೋ ಜಮೀನು ಮತ್ತು ಉತ್ತರಾಧಿಕಾರಗಳ ಹಳೆಯ ಲೋಕದಲ್ಲಿಯೇ ಇತ್ತು. ಹುಂಡಿಯನ್ನು ಎಷ್ಟು ದಿನದೊಳಗೆ ತೋರಿಸಬೇಕು, ವಿಮೆಯಿಳಿಸಿದ ಹಡಗು ದಾರಿ ಬದಲಿಸಿದರೆ ಏನು ಗತಿ ಎಂಬ ಪ್ರಶ್ನೆಗಳೆಲ್ಲ ವರ್ತಕರ ರೂಢಿಯ ವಿಷಯ. ಆ ರೂಢಿಯನ್ನು ಪ್ರತಿ ಮೊಕದ್ದಮೆಯಲ್ಲಿಯೂ ಹೊಸದಾಗಿ ಸಾಬೀತುಪಡಿಸಬೇಕಾಗುತ್ತಿತ್ತು. ಎಲ್ಲ ಸಾಕ್ಷ್ಯವನ್ನೂ ಜ್ಯೂರಿಯ ಮುಂದೆ ಸುರಿದು, ಅವರು ಹೇಳಿದ್ದೇ ತೀರ್ಪೆಂದು ಎದ್ದುಬಿಡುತ್ತಿದ್ದರು. ಇಂದು ಒಂದು ಜ್ಯೂರಿ ಹೌದೆಂದದ್ದನ್ನು ನಾಳೆ ಇನ್ನೊಂದು ಅಲ್ಲವೆಂದರೆ ವ್ಯಾಪಾರಿ ಯಾವುದನ್ನು ನೆಚ್ಚಬೇಕು?

ನಾನು ಚಿಕ್ಕವನಿದ್ದಾಗ ತಂದೆಯವರೊಡನೆ ದನಗಳ ಜಾತ್ರೆಗೆ ಹೋಗುತ್ತಿದ್ದೆ. ದಲ್ಲಾಳಿಗಳು ಟವೆಲ್ಲಿನ ಮರೆಯಲ್ಲಿ ಪರಸ್ಪರ ಬೆರಳುಗಳನ್ನು ಹಿಡಿದು ದರ ಕುದುರಿಸುತ್ತಿದ್ದರು. ನೋಡುವವರಿಗೆ ಏನೂ ತಿಳಿಯದು. ಆದರೆ ಅಲ್ಲಿ ಒಂದು ಖಚಿತವಾದ ಲೆಕ್ಕವಿತ್ತು, ತಪ್ಪಿದವನಿಗೆ ಮುಂದಿನ ಜಾತ್ರೆಯಲ್ಲಿ ಮರ್ಯಾದೆಯಿರುತ್ತಿರಲಿಲ್ಲ. ಅಂಥ ವ್ಯಾಪಾರ ಜಗಳಕ್ಕೆ ಬಂದರೆ, ಬೆರಳಿನ ಭಾಷೆ ಅರಿಯದವನು ಎಷ್ಟೇ ಶಾಸ್ತ್ರ ಓದಿದ್ದರೂ ನ್ಯಾಯ ಹೇಳಲಾರ. ಮ್ಯಾನ್ಸ್‌ಫೀಲ್ಡರು ಮಾಡಿದ್ದು ಆ ಭಾಷೆಯನ್ನು ಕಲಿತದ್ದು. ಲಂಡನ್ನಿನ ಗಿಲ್ಡ್‌ಹಾಲಿನಲ್ಲಿ ವಾಣಿಜ್ಯದ ಮೊಕದ್ದಮೆಗಳಿಗೆ ಅನುಭವಿ ವರ್ತಕರನ್ನೇ ವಿಶೇಷ ಜ್ಯೂರಿಗಳನ್ನಾಗಿ ಕೂರಿಸಿದರು. ಕಲಾಪದ ನಡುವೆ ಅವರೊಡನೆ ಮುಕ್ತವಾಗಿ ಮಾತನಾಡಿದರು, ಮನೆಗೆ ಊಟಕ್ಕೆ ಕರೆದರು, ಪೇಟೆಯ ರೀತಿ ರಿವಾಜುಗಳನ್ನು ವಿದ್ಯಾರ್ಥಿಯಂತೆ ಕೇಳಿ ತಿಳಿದುಕೊಂಡರು. ಜನ ಅವರನ್ನು 'ಲಾರ್ಡ್ ಮ್ಯಾನ್ಸ್‌ಫೀಲ್ಡರ ಜ್ಯೂರಿಗಳು' ಎಂದೇ ಕರೆಯುತ್ತಿದ್ದರಂತೆ. ಹಾಗೆ ಒಮ್ಮೆ ಖಚಿತವಾದ ರೂಢಿಯನ್ನು ಅವರು ಕಾನೂನಿನ ಸೂತ್ರವಾಗಿ ಬರೆದಿಟ್ಟರು. ಮರುದಿನದಿಂದ ಅದನ್ನು ಯಾರೂ ಮತ್ತೆ ಸಾಬೀತುಪಡಿಸಬೇಕಾಗಿರಲಿಲ್ಲ. ವಿಚಾರಣೆಗಳನ್ನು ಎಳೆಯುವುದು ಅವರಿಗೆ ಸೇರದು. ಇಂಗ್ಲೆಂಡಿನಲ್ಲಿ ವಾಣಿಜ್ಯ ವ್ಯಾಜ್ಯಗಳಿಗೆಂದೇ ಪ್ರತ್ಯೇಕ ಪಟ್ಟಿಯನ್ನು ತೆರೆದದ್ದು 1895ರಲ್ಲಿ. ಅದರ ಬೀಜವನ್ನು ನೂರು ವರ್ಷಕ್ಕೂ ಮೊದಲು ಬಿತ್ತಿದವರು ಇವರು.

ಎರಡು ಮೂರು ಮೊಕದ್ದಮೆಗಳನ್ನು ಹೇಳುತ್ತೇನೆ. ನಿಮ್ಮ ಕಿಸೆಯಲ್ಲಿರುವ ನೋಟಿಗೂ ಮನೆಯ ಕಪಾಟಿನಲ್ಲಿರುವ ವಿಮಾಪತ್ರಕ್ಕೂ ಅವುಗಳ ನಂಟಿದೆ.

1756ರ ಡಿಸೆಂಬರಿನ ಒಂದು ರಾತ್ರಿ ಅಂಚೆಯ ಗಾಡಿಯನ್ನು ಕಳ್ಳರು ದೋಚಿದರು. ಅದರಲ್ಲಿ ಫಿನ್ನಿ ಎಂಬಾತ ಕಳುಹಿಸಿದ್ದ, ಇಪ್ಪತ್ತೊಂದು ಪೌಂಡ್ ಹತ್ತು ಶಿಲಿಂಗಿನ ಬ್ಯಾಂಕ್ ನೋಟೊಂದಿತ್ತು. ಮಾರನೆಯ ದಿನ ಆ ನೋಟು ಮಿಲ್ಲರ್ ಎಂಬ ಛತ್ರದ ಯಜಮಾನನ ಕೈಸೇರಿತು. ಅವನಿಗೆ ಕಳವಿನ ಸುಳಿವಿಲ್ಲ. ಪೂರ್ತಿ ಬೆಲೆ ಕೊಟ್ಟೇ ಪಡೆದಿದ್ದ. ಬ್ಯಾಂಕಿನಲ್ಲಿ ತೋರಿಸಿದಾಗ ರೇಸ್ ಎಂಬ ಗುಮಾಸ್ತ ಹಣವನ್ನೂ ಕೊಡಲಿಲ್ಲ, ನೋಟನ್ನೂ ಹಿಂದಿರುಗಿಸಲಿಲ್ಲ. ಕಳುವಾದ ಎತ್ತು ಯಾರ ಕೊಟ್ಟಿಗೆಯಲ್ಲಿದ್ದರೂ ಮೂಲ ಒಡೆಯನದೇ ತಾನೆ? ನೋಟೂ ಹಾಗೆಯೇ ಎಂಬುದು ಎದುರು ವಾದ. ಮ್ಯಾನ್ಸ್‌ಫೀಲ್ಡರು 1758ರಲ್ಲಿ ಒಪ್ಪಲಿಲ್ಲ. ಜನ ನೋಟನ್ನು ಸರಕಿನಂತೆ ಕಾಣುವುದಿಲ್ಲ, ನಗದಿನಂತೆ ಕಾಣುತ್ತಾರೆ. ಪ್ರಾಮಾಣಿಕವಾಗಿ ಬೆಲೆ ಕೊಟ್ಟು ಪಡೆದವನಿಂದ ಅದನ್ನು ಕಸಿಯುವಂತಿಲ್ಲ, ಕಸಿದರೆ ನೋಟು ಚಲಾವಣೆಯಲ್ಲಿಯೇ ಉಳಿಯದು ಎಂದರು. ತರಕಾರಿಯವಳು ನಾವು ಕೊಟ್ಟ ನೋಟಿನ ಪೂರ್ವಚರಿತ್ರೆಯನ್ನು ವಿಚಾರಿಸದೆ ಸೆರಗಿಗೆ ಕಟ್ಟಿಕೊಳ್ಳುವುದರ ಹಿಂದೆ ಇಂಥದೊಂದು ತತ್ತ್ವವಿದೆ.

ಎರಡನೆಯದು 1766ರದು. ಸುಮಾತ್ರಾ ದ್ವೀಪದ ಬೆಂಕೂಲೆನ್‌ನಲ್ಲಿ ಈಸ್ಟ್ ಇಂಡಿಯಾ ಕಂಪೆನಿಗೆ ಮಾರ್ಲ್‌ಬರೋ ಎಂಬ ಕೋಟೆಯಿತ್ತು. ಅಲ್ಲಿನ ಗವರ್ನರ್ ಕಾರ್ಟರ್, ಯೂರೋಪಿನ ಶತ್ರುಗಳು ಒಂದು ವರ್ಷದೊಳಗೆ ಕೋಟೆಯನ್ನು ಹಿಡಿದರೆ ತನಗಾಗುವ ನಷ್ಟಕ್ಕೆಂದು ಲಂಡನ್ನಿನಲ್ಲಿ ವಿಮೆ ಮಾಡಿಸಿದ. 1760ರಲ್ಲಿ ಫ್ರೆಂಚರು ಅದನ್ನು ಹಿಡಿದೇಬಿಟ್ಟರು. ಕೋಟೆ ದುರ್ಬಲವೆಂಬುದನ್ನು ಮುಚ್ಚಿಟ್ಟಿದ್ದಾನೆ, ಹಣ ಕೊಡೆವು ಎಂದ ವಿಮೆಗಾರ ಬೋಮ್. ವಿಮೆಯ ಕರಾರು ಇಬ್ಬರ ಸದ್ಭಾವನೆಯ ಮೇಲೆ ನಿಂತದ್ದು. ತನಗೆ ಮಾತ್ರ ಗೊತ್ತಿರುವುದನ್ನು ಮುಚ್ಚಿಟ್ಟು ಎದುರಿನವನನ್ನು ಒಪ್ಪಿಸುವುದು ವಂಚನೆ ಎಂಬ ಸೂತ್ರವನ್ನು ಮ್ಯಾನ್ಸ್‌ಫೀಲ್ಡರು ಮೊದಲು ಸ್ಥಾಪಿಸಿದರು. ಆಮೇಲೆ ಆ ಸೂತ್ರದ ಇನ್ನೊಂದು ಅಲಗನ್ನು ವಿಮೆಗಾರನ ಕಡೆಗೆ ತಿರುಗಿಸಿದರು. ಅದು ಬರಿಯ ವ್ಯಾಪಾರದ ಕೋಟೆಯೆಂಬುದು ಲಂಡನ್ನಿಗೆಲ್ಲ ಗೊತ್ತು. ಯುದ್ಧದ ಸಂಭವವನ್ನು ದೂರದ ಗವರ್ನರನಿಗಿಂತ ಲಂಡನ್ನಿನಲ್ಲಿರುವ ನೀನೇ ಚೆನ್ನಾಗಿ ಬಲ್ಲೆ. ಬೇಕಿದ್ದರೆ ಕೇಳಬಹುದಿತ್ತು, ಕೇಳದೆ ಕಂತು ತೆಗೆದುಕೊಂಡೆ. ನಷ್ಟವಾದ ಮೇಲೆ ಈಗ ಬಾಯಿ ತೆರೆಯುವುದು ಸದ್ಭಾವನೆಯೇ? ಕಾರ್ಟರನೇ ಗೆದ್ದ. ಭಾರತದ 1963ರ ಸಮುದ್ರ ವಿಮಾ ಕಾಯ್ದೆಯಲ್ಲಿಯೂ ಈ ಪರಮ ಸದ್ಭಾವನೆಯ ತತ್ತ್ವ ಇದೆ. ನನ್ನ ಶಿಷ್ಯನ ಮೊಕದ್ದಮೆಯಲ್ಲಿ ಎದುರು ವಕೀಲರು ಎತ್ತಿದ್ದು ಪ್ರಾಯಶಃ ಇದನ್ನೇ. ವಿಮಾ ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯ ಅಂಕಣವನ್ನು ಖಾಲಿ ಬಿಡುವ ನಮ್ಮ ಬಂಧುಗಳೂ, ಗ್ರಾಹಕ ಸತ್ತ ಮೇಲೆ ಮಾತ್ರ ತಪ್ಪು ಹುಡುಕುವ ವಿಮಾ ಕಂಪೆನಿಗಳೂ ಈ ತೀರ್ಪನ್ನು ಒಮ್ಮೆ ಓದಬೇಕು.

ಮೂರನೆಯದು ಕೇವಲ ಆರು ಪೌಂಡಿನದು. ಮೋಸೆಸ್ ಎಂಬಾತ ತಲಾ ಮೂವತ್ತು ಶಿಲಿಂಗಿನ ನಾಲ್ಕು ಚೀಟಿಗಳಿಗೆ ಸಹಿ ಹಾಕಿ ಮ್ಯಾಕ್‌ಫರ್ಲನ್ ಎಂಬಾತನಿಗೆ ವರ್ಗಾಯಿಸಿದ. 'ನಿನ್ನ ಮೇಲೆ ದಾವೆ ಹೂಡುವುದಿಲ್ಲ' ಎಂದು ಬರೆದುಕೊಟ್ಟಿದ್ದ ಮ್ಯಾಕ್‌ಫರ್ಲನ್ ಮಾತು ಮುರಿದು ಸಣ್ಣ ನ್ಯಾಯಾಲಯವೊಂದರಲ್ಲಿ ದಾವೆ ಹೂಡಿ ಆರು ಪೌಂಡ್ ವಸೂಲು ಮಾಡಿದ. ಆ ನ್ಯಾಯಾಲಯ ಒಪ್ಪಂದವನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ. 1760ರಲ್ಲಿ ಮ್ಯಾನ್ಸ್‌ಫೀಲ್ಡರು ಹಣವನ್ನು ಹಿಂದಿರುಗಿಸುವಂತೆ ಹೇಳಿದರು. ಇಬ್ಬರ ನಡುವೆ ಅದಕ್ಕೆಂದು ಕರಾರಿಲ್ಲದಿರಬಹುದು. ಆದರೆ ಇನ್ನೊಬ್ಬನ ಹಣವನ್ನು ಇಟ್ಟುಕೊಳ್ಳಲು ಅಂತಃಕರಣ ಒಪ್ಪದಿದ್ದರೆ, ಹಿಂದಿರುಗಿಸುವ ಹೊಣೆಯನ್ನು ಸಹಜನ್ಯಾಯವೇ ಹೊರಿಸುತ್ತದೆ ಎಂಬುದು ಅವರ ತರ್ಕ. ತಪ್ಪಿನಿಂದ ಬಂದ ಹಣವನ್ನು ಮರಳಿಸಬೇಕೆಂದು ನಮ್ಮ 1872ರ ಕರಾರು ಕಾಯ್ದೆಯ 72ನೆಯ ಕಲಮು ಹೇಳುವಾಗ, ಅದೇ ವಿಚಾರದ ಧ್ವನಿ ಕೇಳುತ್ತದೆ.

ಹೀಗೆ ಹೇಳಿದರೆ ಅವರು ಜನಪ್ರಿಯರಾಗಿದ್ದರೆಂದು ನೀವು ಭಾವಿಸಬಹುದು. ಇರಲಿಲ್ಲ. ಸ್ಕಾಟ್ಲೆಂಡಿನವರೆಂಬ, ಮನೆತನ ರಾಜದ್ರೋಹಿಯೆಂಬ ಹಂಗಿಸುವಿಕೆ ಕೊನೆಯವರೆಗೂ ಬೆನ್ನು ಬಿಡಲಿಲ್ಲ. ಸರ್ಕಾರವನ್ನು ಟೀಕಿಸಿದ ಮುದ್ರಕರ ಮೊಕದ್ದಮೆಗಳಲ್ಲಿ ಜ್ಯೂರಿಯ ಅಧಿಕಾರವನ್ನು ಅವರು ಕುಗ್ಗಿಸಿದರೆಂಬ ಆರೋಪ ನಿರಾಧಾರವೂ ಆಗಿರಲಿಲ್ಲ. ಸಂಸತ್ತು 1792ರಲ್ಲಿ ಕಾಯ್ದೆಯ ಮೂಲಕ ಅದನ್ನು ಸರಿಪಡಿಸಬೇಕಾಯಿತು. ವರ್ತಕರ ಮಾತನ್ನು ಅಷ್ಟು ತಾಳ್ಮೆಯಿಂದ ಕೇಳಿದವರು ಮುದ್ರಕರ ಮಾತನ್ನು ಹಾಗೆ ಕೇಳಲಿಲ್ಲ.

ಆದರೆ ಅವರ ಸ್ವಭಾವದ ಒಂದು ಎತ್ತರ ಕಾಣುವುದು 1780ರ ಜೂನ್ ತಿಂಗಳಲ್ಲಿ. ಕ್ಯಾಥೊಲಿಕರಿಗೆ ಕೊಟ್ಟ ಅಲ್ಪಸ್ವಲ್ಪ ವಿನಾಯಿತಿಯ ವಿರುದ್ಧ ಲಾರ್ಡ್ ಜಾರ್ಜ್ ಗಾರ್ಡನ್ ಎಂಬಾತ ಹಚ್ಚಿದ ಕಿಡಿ ಲಂಡನ್ನಿನಲ್ಲಿ ಭಾರೀ ದೊಂಬಿಯಾಗಿ ಹಬ್ಬಿತು. ಕ್ಯಾಥೊಲಿಕರ ಬಗ್ಗೆ ಸಹನೆ ತೋರಿದ್ದ ಮ್ಯಾನ್ಸ್‌ಫೀಲ್ಡರ ಮೇಲೆ ಗುಂಪಿಗೆ ಸಿಟ್ಟು. ಬ್ಲೂಮ್ಸ್‌ಬರಿ ಚೌಕದ ಅವರ ಮನೆಗೆ ನುಗ್ಗಿ, ಜೀವಮಾನವೆಲ್ಲ ಕೂಡಿಟ್ಟಿದ್ದ ಗ್ರಂಥಗಳನ್ನೂ ಟಿಪ್ಪಣಿಗಳನ್ನೂ ಬೀದಿಗೆಸೆದು ಸುಟ್ಟರು. ಎಪ್ಪತ್ತೈದರ ವೃದ್ಧರು ಹೆಂಡತಿಯೊಡನೆ ಹಿಂಬಾಗಿಲಿನಿಂದ ಪಾರಾದರು. ಮರುವರ್ಷ ಗಾರ್ಡನ್ನನ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಪೀಠದ ಮೇಲಿದ್ದವರು ಇದೇ ಮ್ಯಾನ್ಸ್‌ಫೀಲ್ಡರು. ಇಂದಾಗಿದ್ದರೆ ಅವರು ಹಿಂದೆ ಸರಿಯಬೇಕಿತ್ತೆಂದು ನಾವು ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಜ್ಯೂರಿ ಗಾರ್ಡನ್ನನನ್ನು ನಿರ್ದೋಷಿಯೆಂದಿತು, ಆತ ಮನೆಗೆ ನಡೆದ. ಮುಂದೊಮ್ಮೆ ಪ್ರಭುಗಳ ಸಭೆಯಲ್ಲಿ ಕಾನೂನಿನ ವಿಷಯ ಬಂದಾಗ, ತಾವು ಪುಸ್ತಕಗಳನ್ನು ನೋಡಿಲ್ಲವೆಂದೂ ನೋಡಲು ತಮ್ಮ ಬಳಿ ಪುಸ್ತಕಗಳೇ ಇಲ್ಲವೆಂದೂ ಅವರು ಹೇಳಿದರಂತೆ. ಪುಸ್ತಕ ಕಳೆದುಕೊಂಡ ದುಃಖವನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದವರನ್ನು ನಾನು ಅರಿಯೆ.

ಇನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದ ಕಥೆ. ಜೇಮ್ಸ್ ಸೋಮರ್ಸೆಟ್ ಎಂಬ ಆಫ್ರಿಕನ್ನನನ್ನು ವರ್ಜೀನಿಯಾದಲ್ಲಿ ಕೊಂಡಿದ್ದ ಚಾರ್ಲ್ಸ್ ಸ್ಟೂಅರ್ಟ್ ಎಂಬ ಅಧಿಕಾರಿ 1769ರಲ್ಲಿ ಲಂಡನ್ನಿಗೆ ಕರೆತಂದ. 1771ರಲ್ಲಿ ಸೋಮರ್ಸೆಟ್ ತಪ್ಪಿಸಿಕೊಂಡ. ಅವನನ್ನು ಹಿಡಿದು, ಸಂಕೋಲೆ ತೊಡಿಸಿ, ಜಮೈಕಾದಲ್ಲಿ ಮಾರಲೆಂದು ಹಡಗಿನಲ್ಲಿ ಕೂಡಿಹಾಕಿದರು. ಬಂಧಿಯನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಎಂಬ ಆಜ್ಞೆಗಾಗಿ ಅವನ ಪರವಾದವರು ಮ್ಯಾನ್ಸ್‌ಫೀಲ್ಡರ ಬಳಿಗೆ ಬಂದರು. ಆಗ ಇಂಗ್ಲೆಂಡಿನಲ್ಲಿ ಹದಿನಾಲ್ಕು ಹದಿನೈದು ಸಾವಿರ ಗುಲಾಮರಿದ್ದರೆಂದು ಲೆಕ್ಕ ಹೇಳುತ್ತಿದ್ದರು. ತಲೆಗೆ ಐವತ್ತು ಪೌಂಡಿನಂತೆ ಒಡೆಯರಿಗಾಗುವ ನಷ್ಟ ಏಳು ಲಕ್ಷ ಪೌಂಡಿಗೂ ಮೇಲೆ. ಮ್ಯಾನ್ಸ್‌ಫೀಲ್ಡರು ತಿಂಗಳುಗಟ್ಟಲೆ ತೀರ್ಪನ್ನು ಮುಂದೂಡಿದರು, ರಾಜಿಯಾಗಿ ಎಂದು ಸೂಚಿಸಿದರು. ಯಾರೂ ರಾಜಿಯಾಗಲಿಲ್ಲ. ಕೊನೆಗೆ, ಏನಾದರಾಗಲಿ ನ್ಯಾಯ ನಡೆಯಲಿ ಎಂದು, 1772ರ ಜೂನ್ 22ರಂದು ತೀರ್ಪು ಕೊಟ್ಟರು: ಗುಲಾಮಗಿರಿ ಎಷ್ಟು ಹೇಯವಾದುದೆಂದರೆ ಸ್ಪಷ್ಟವಾದ ಶಾಸನವಿಲ್ಲದೆ ಬರಿಯ ತರ್ಕ, ರೂಢಿಗಳು ಅದನ್ನು ಎತ್ತಿಹಿಡಿಯಲಾರವು, ಇಂಗ್ಲೆಂಡಿನಲ್ಲಿ ಅಂಥ ಶಾಸನವಿಲ್ಲ, ಈ ಮನುಷ್ಯನನ್ನು ಬಿಡಬೇಕು. ಇಂಗ್ಲೆಂಡಿನ ಎಲ್ಲ ಗುಲಾಮರೂ ಸ್ವತಂತ್ರರೆಂದು ಅವರು ಹೇಳಿರಲಿಲ್ಲ. ಒಡೆಯನು ಬಲಾತ್ಕಾರದಿಂದ ಹೊರದೇಶಕ್ಕೆ ಸಾಗಿಸುವಂತಿಲ್ಲವೆಂದಷ್ಟೇ ಹೇಳಿದ್ದು. ಜನ ಮಾತ್ರ ಅದನ್ನು ಬಿಡುಗಡೆಯೆಂದೇ ತಿಳಿದು ಸಂಭ್ರಮಿಸಿದರು.

ಇಲ್ಲಿಗೆ ಗಂಟೆ ಬಾರಿಸುತ್ತಿತ್ತು, ನಾನು ಸೀಮೆಸುಣ್ಣ ಕೆಳಗಿಡುತ್ತಿದ್ದೆ. ನಿಮ್ಮ ಕಣ್ಣುಗಳಲ್ಲಿ ಹೊಳಪಿರುತ್ತಿತ್ತು. ಗಂಟೆ ಬಾರಿಸಿದ ಮೇಲಿನದು ಹೀಗಿದೆ.

1781ರ ನವೆಂಬರ್ ಕೊನೆಯಲ್ಲಿ, ಆಫ್ರಿಕಾದಿಂದ ನಾನೂರಕ್ಕೂ ಮೀರಿದ ಗುಲಾಮರನ್ನು ತುಂಬಿಕೊಂಡು ಹೊರಟ ಲಿವರ್‌ಪೂಲಿನ ವರ್ತಕರ 'ಝಾಂಗ್' ಎಂಬ ಹಡಗು ದಾರಿಯ ಲೆಕ್ಕ ತಪ್ಪಿ ಜಮೈಕಾವನ್ನು ದಾಟಿ ಹೋಯಿತು. ಕುಡಿಯುವ ನೀರು ಸಾಲದೆಂದು ಹೇಳಿ, ಕ್ಯಾಪ್ಟನ್ ಕಾಲಿಂಗ್‌ವುಡ್ಡನ ಹಡಗಿನವರು ಕೆಲವು ದಿನಗಳ ಅವಧಿಯಲ್ಲಿ ನೂರಮೂವತ್ತಕ್ಕೂ ಹೆಚ್ಚು ಮನುಷ್ಯರನ್ನು, ಹೆಂಗಸರು ಮಕ್ಕಳೆನ್ನದೆ, ಜೀವಂತವಾಗಿ ಕಡಲಿಗೆ ಎಸೆದರು. ಗುಲಾಮ ಕಾಯಿಲೆಯಿಂದ ಸತ್ತರೆ ನಷ್ಟ ಒಡೆಯನದು; ಉಳಿದ ಸರಕನ್ನು ಕಾಪಾಡಲು ಸ್ವಲ್ಪ ಸರಕನ್ನು ಕಡಲಿಗೆಸೆದರೆ ನಷ್ಟ ವಿಮೆಗಾರನದು. ಇದು ವಿಮೆಯ ರೂಢಿ. ಒಡೆಯರು ತಲೆಗೆ ಮೂವತ್ತು ಪೌಂಡಿನಂತೆ ವಿಮೆಯ ಹಣ ಕೇಳಿದರು. ವಿಮೆಗಾರರು ಕೊಡಲಿಲ್ಲ. 1783ರಲ್ಲಿ ಗಿಲ್ಡ್‌ಹಾಲಿನ ಜ್ಯೂರಿ, ಮ್ಯಾನ್ಸ್‌ಫೀಲ್ಡರು ಅಷ್ಟು ನೆಚ್ಚಿದ್ದ ಆ ಅನುಭವದ ಲೋಕದ ಜ್ಯೂರಿ, ಒಡೆಯರ ಪರವಾಗಿ ತೀರ್ಪಿತ್ತಿತು.

ಮರುವಿಚಾರಣೆಯ ಕೋರಿಕೆ ಅದೇ ಮೇ ತಿಂಗಳಿನಲ್ಲಿ ಮ್ಯಾನ್ಸ್‌ಫೀಲ್ಡರ ಮುಂದೆ ಬಂತು. ಮನಸ್ಸಿಗೆ ಎಷ್ಟೇ ಆಘಾತವಾದರೂ, ಕುದುರೆಗಳನ್ನು ಕಡಲಿಗೆಸೆದ ಪ್ರಕರಣಕ್ಕೂ ಇದಕ್ಕೂ ಜ್ಯೂರಿಯ ದೃಷ್ಟಿಯಲ್ಲಿ ವ್ಯತ್ಯಾಸವಿರಲಿಲ್ಲವೆಂದು ಅವರು ಹೇಳಿದರು. ಅವರು ಎತ್ತಿಕೊಂಡ ಪ್ರಶ್ನೆ, ಎಸೆಯುವುದು ಅನಿವಾರ್ಯವಾಗಿತ್ತೇ ಎಂಬುದು. ಕೊನೆಯ ತಂಡವನ್ನು ಎಸೆಯುವ ಮೊದಲೇ ಮಳೆ ಬಂದು ಹಡಗಿಗೆ ನೀರು ಸಿಕ್ಕಿತ್ತೆಂಬ ಸಾಕ್ಷ್ಯ ಹೊರಬಂದಿತ್ತು. ಆದ್ದರಿಂದ ಮರುವಿಚಾರಣೆಗೆ ಅಪ್ಪಣೆಯಾಯಿತು. ಅಂಥ ವಿಚಾರಣೆ ನಡೆದದ್ದಕ್ಕೆ ದಾಖಲೆ ಸಿಕ್ಕಿಲ್ಲ. ಗ್ರಾನ್‌ವಿಲ್ ಶಾರ್ಪ್ ಎಂಬ ಮಹಾನುಭಾವರು ಇದನ್ನು ಕೊಲೆಯೆಂದು ವಿಚಾರಿಸಿ ಎಂದು ಬರೆಯುತ್ತ ಅಲೆದರು. ಕೊಲೆಯ ಆರೋಪ ಯಾರ ಮೇಲೂ ಬರಲಿಲ್ಲ.

ಮೊದಲ ಸಲ ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೋಮರ್ಸೆಟ್ಟನ ತೀರ್ಪನ್ನು ಬರೆದವರೇ ಇವರು. ಇನ್ನೂ ಒಂದು ಸಂಗತಿಯಿದೆ. ಮಕ್ಕಳಿಲ್ಲದ ಮ್ಯಾನ್ಸ್‌ಫೀಲ್ಡ್ ದಂಪತಿಗಳ ಕೆನ್‌ವುಡ್ ಮನೆಯಲ್ಲಿ ಡೈಡೋ ಎಲಿಜಬೆತ್ ಬೆಲ್ ಎಂಬ ಹುಡುಗಿ ಬೆಳೆಯುತ್ತಿದ್ದಳು. ಹುಟ್ಟಿದ್ದು 1761ರಲ್ಲಿ. ತಾಯಿ ಆಫ್ರಿಕನ್ ಗುಲಾಮಳು. ತಂದೆ ಮ್ಯಾನ್ಸ್‌ಫೀಲ್ಡರ ಸೋದರಿಯ ಮಗ, ನೌಕಾಧಿಕಾರಿ ಸರ್ ಜಾನ್ ಲಿಂಡ್ಸೆ. ಹೈದರಾಲಿ ಮದರಾಸಿನ ಬಾಗಿಲವರೆಗೆ ದಂಡೆತ್ತಿ ಹೋಗಿ ಇಂಗ್ಲಿಷರಿಂದ ಒಪ್ಪಂದ ಬರೆಸಿಕೊಂಡ ಮರುವರ್ಷ, 1770ರಲ್ಲಿ, ಇಂಗ್ಲೆಂಡಿನ ದೊರೆಯ ಪ್ರತಿನಿಧಿಯಾಗಿ ಮದರಾಸಿಗೆ ಬಂದಿಳಿದವನು ಈ ಲಿಂಡ್ಸೆಯೇ. ಡೈಡೋ ತಾತನ ಕಾಗದ ಪತ್ರಗಳನ್ನು ಬರೆದುಕೊಡುತ್ತಿದ್ದಳು. ಅವಳೂ ಸೋದರಸಂಬಂಧಿ ಎಲಿಜಬೆತ್ ಮರ್ರೆಯೂ ಜೊತೆಗಿರುವ ವರ್ಣಚಿತ್ರ ಸ್ಕೋನ್ ಅರಮನೆಯ ಸಂಗ್ರಹದ್ದು. ಮ್ಯಾನ್ಸ್‌ಫೀಲ್ಡರು ತಮ್ಮ ಉಯಿಲಿನಲ್ಲಿ ಅವಳ ಸ್ವಾತಂತ್ರ್ಯವನ್ನು ಸ್ಪಷ್ಟವಾಗಿ ದೃಢಪಡಿಸಿ, ವರ್ಷಕ್ಕೆ ನೂರು ಪೌಂಡಿನ ವರ್ಷಾಶನವನ್ನು ಬರೆದಿಟ್ಟರು. ತಮ್ಮ ತೀರ್ಪಿನ ಹನ್ನೊಂದು ವರ್ಷಗಳ ಬಳಿಕವೂ ಆ ದೇಶದಲ್ಲಿ ಆ ಹುಡುಗಿಗೆ ಅಂಥದೊಂದು ಲಿಖಿತ ಭರವಸೆ ಬೇಕೆಂದು ಅವರಿಗೇ ಅನ್ನಿಸಿದ್ದಿರಬೇಕು.

ಹಾಗಾದರೆ ಇವರನ್ನು ಏನೆನ್ನೋಣ? ಬಹಳ ದಿನ ಯೋಚಿಸಿ ನನಗೆ ತೋಚಿದ್ದನ್ನು ಹೇಳುತ್ತೇನೆ. ವರ್ತಕರ ರೂಢಿಗೆ ಕಿವಿಗೊಡುವುದು ಅವರ ದೊಡ್ಡ ಗುಣ. ರೂಢಿ ಸಾಧುವಾಗಿದ್ದಲ್ಲೆಲ್ಲ ಆ ಗುಣ ಲೋಕಕ್ಕೆ ಉಪಕಾರ ಮಾಡಿತು. ಛತ್ರದ ಯಜಮಾನನಿಗೂ, ದೂರದ ಗವರ್ನರನಿಗೂ, ಆರು ಪೌಂಡಿನ ಮೋಸೆಸ್ಸನಿಗೂ ನ್ಯಾಯ ಸಿಕ್ಕಿತು. ಸೋಮರ್ಸೆಟ್ಟನ ಮೊಕದ್ದಮೆಯಲ್ಲಿ ಅವರು ಒಂದು ಕ್ಷಣ ರೂಢಿಯ ಹೊರಗೆ ನಿಂತು, ಇದಕ್ಕೆ ಕಾನೂನೆಲ್ಲಿದೆ ಎಂದು ಕೇಳಿದರು. ಝಾಂಗ್ ಹಡಗಿನ ಮೊಕದ್ದಮೆಯಲ್ಲಿ ಹಾಗೆ ಕೇಳದೆ, ರೂಢಿಯ ಒಳಗೇ ನಿಂತು, ಲೆಕ್ಕ ಸರಿಯೇ ಎಂದಷ್ಟೇ ಕೇಳಿದರು. ಲೆಕ್ಕ ಸರಿಯಿರಲಿಲ್ಲ, ಅದನ್ನು ಹಿಡಿದರು ಕೂಡ. ಆದರೆ ಆ ಲೆಕ್ಕವನ್ನು ಬರೆಯಬಾರದಿತ್ತು ಎಂದು ಅವರು ಹೇಳಲಿಲ್ಲ. ದನಗಳ ಜಾತ್ರೆಯಲ್ಲಿ ಟವೆಲ್ಲಿನ ಮರೆಯ ಬೆರಳುಗಳನ್ನು ಬೆರಗಿನಿಂದ ನೋಡುತ್ತಿದ್ದ ನಾನು, ಹಗ್ಗದ ತುದಿಯಲ್ಲಿ ನಿಂತಿದ್ದ ಪ್ರಾಣಿಯ ಕಣ್ಣನ್ನು ನೋಡಿದ ನೆನಪಿಲ್ಲ. ಅಲ್ಲಿ ಮನುಷ್ಯರೇ ನಿಂತಿದ್ದಾಗಲೂ ನೋಡದಿರುವಷ್ಟು ಅಭ್ಯಾಸಬಲ ದೊಡ್ಡದೆಂಬುದು ಈ ಚರಿತ್ರೆಯ ಪಾಠ.

ಇಂಗ್ಲೆಂಡ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ, ಗುಲಾಮಗಿರಿಯನ್ನು ರದ್ದುಗೊಳಿಸುವ ಕಾಯ್ದೆ ಮಾಡಿದ್ದು 1833ರಲ್ಲಿ. ಸೋಮರ್ಸೆಟ್ಟನ ತೀರ್ಪೂ ಝಾಂಗ್ ಹಡಗಿನ ಸುದ್ದಿ ಎಬ್ಬಿಸಿದ ಕಳವಳವೂ ಎರಡೂ ಆ ಚಳವಳಿಗೆ ಬಲವಾದವು. ಮ್ಯಾನ್ಸ್‌ಫೀಲ್ಡರು ಅದನ್ನು ಕಾಣಲಿಲ್ಲ. 1793ರ ಮಾರ್ಚ್ 20ರಂದು, ಎಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ಹುಡುಗನಾಗಿ ಕುದುರೆಯೇರಿ ಬಂದು ಸೇರಿದ ಶಾಲೆಯ ಮಗ್ಗುಲಲ್ಲೇ, ಅವರ ಸಮಾಧಿಯಿದೆ.

ನಿಮ್ಮಲ್ಲಿ ಕೆಲವರು ಬ್ಯಾಂಕಿನಲ್ಲಿದ್ದೀರಿ, ಕೆಲವರು ವಿಮಾ ಕಚೇರಿಯಲ್ಲಿ, ಕೆಲವರು ವ್ಯಾಪಾರದಲ್ಲಿ, ಒಬ್ಬಿಬ್ಬರು ನ್ಯಾಯಾಂಗದಲ್ಲಿಯೂ ಇದ್ದೀರಿ. ಕೆಲಸವನ್ನು ಕಲಿಯುವಾಗ ಮ್ಯಾನ್ಸ್‌ಫೀಲ್ಡರಂತೆ ಕಲಿಯಿರಿ. ಅನುಭವಿಗಳ ಮಾತಿಗೆ ಕಿವಿಗೊಡಿ, ಕೊಟ್ಟ ಮಾತಿಗೆ ಬೆಲೆ ಕೊಡಿ, ಜನರನ್ನು ಕಾಯಿಸಬೇಡಿ. ಆದರೆ 'ಇದು ಇಲ್ಲಿಯ ಪದ್ಧತಿ' ಎಂದು ಯಾರಾದರೂ ಹೇಳಿದಾಗ, ಆ ಪದ್ಧತಿಯ ಲೆಕ್ಕದಲ್ಲಿ ಮನುಷ್ಯರು ಯಾವ ಅಂಕಣದಲ್ಲಿದ್ದಾರೆಂದು ಒಮ್ಮೆ ನೋಡಿಕೊಳ್ಳಿ.

ದೂರವಾಣಿ ಮಾಡಿದ ಶಿಷ್ಯನಿಗೆ: ಹೌದಪ್ಪ, ಇಬ್ಬರೂ ಒಬ್ಬರೇ. ಪಾಠ ಈಗ ಮುಗಿಯಿತು.